ಕೆಂಪಾಜಿ ಕೊಂಡ ಮಚ್ಚು

ಬಲು ಹಿಂದೆ, ಮರಗಳಿಗೂ ಹಸಿವಾಗುತ್ತಿದ್ದ ಕಾಲದಲ್ಲಿ, ಕಗ್ಗಲಿಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಕಾಡಿಗೆ ಜಡೆಗಾಳ ಅನ್ನೋ ಮಾಂತ್ರಿಕ ಬಂದು ಸೇರಿಕೊಂಡ. ಅವನ ಮಂತ್ರಕ್ಕೆ ಸಿಕ್ಕಿದ ಮರಗಳು ಸೌದೆಗೆ ಬಂದವರನ್ನು ನುಂಗತೊಡಗಿದವು. ರಾಜನೋ, ಕೋಟೆ ಬಾಗಿಲು ಹಾಕಿಕೊಂಡು ಕೂತುಬಿಟ್ಟ. ಅವನಿಗೇನು, ಅರಮನೆ ತುಂಬ ಒಣಸೌದೆ!

ಕೆಂಪಾಜಿಯ ಗಂಡ ಮುದ್ದಯ್ಯ ಸೌದೆಗೆ ಹೋದವನು ಮನೆಗೆ ಬರಲಿಲ್ಲ. ಅವಳು ಹುಡುಕಿಕೊಂಡು ಹೋದಳು. ನೋಡಿದರೆ, ಒಂದು ಜಾಲಿಮರ ಅವನನ್ನು ಸೊಂಟದವರೆಗೆ ನುಂಗಿತ್ತು. ತೊಗಟೆ ಮೆಲ್ಲಮೆಲ್ಲಗೆ ಮೇಲೇರುತ್ತಿತ್ತು.

“ಅಳಬೇಡ ಕಣೇ. ಒಂದು ಒಳ್ಳೆ ಮಚ್ಚು ತಗೊಂಡು ಬಾ. ಮರ ಕಡಿದು ನನ್ನನ್ನ ಬಿಡಿಸು” ಅಂದ ಮುದ್ದಯ್ಯ.

ಮಚ್ಚೇನು ಪುಕ್ಕಟೆ ಬರುತ್ತದೆಯೇ? ಕೆಂಪಾಜಿ ಕೋಟೆ ಬಾಗಿಲಿಗೆ ಓಡಿದಳು. ಅಲ್ಲಿನ ಆಯುಧದವನು ಮುಖ ಕಾಣುವಂಥ ಹೊಳೆಯುವ ಮಚ್ಚು ತೋರಿಸಿ, ಅವಳ ಮೊಳಕಾಲುದ್ದದ ಜಡೆ ಕೇಳಿದ. ಕತ್ತರಿಸಿ ಕೊಟ್ಟಳು. ಕಾಡಿಗೆ ಬಂದು ಮರಕ್ಕೆ ಒಂದೇ ಏಟು ಹಾಕಿದಳು ನೋಡಿ, ಅಲಗು ಬಳೆ ಒಡೆದಂತೆ ಚೂರಾಯಿತು.

“ಅಯ್ಯೋ, ಮರ ಕಡಿಯೋಕೆ ಕನ್ನಡಿ ತಂದೆಯಲ್ಲೇ!” ಅಂತ ಮುದ್ದಯ್ಯ ನಗಲು ನೋಡಿದ. ನಗು ಬರಲಿಲ್ಲ. ತೊಗಟೆ ಎದೆಗೆ ಬಂದಿತ್ತು.

ಅವಳು ಸಂತೆಗೆ ಓಡಿದಳು. ಸಂತೆಯ ಸೆಟ್ಟಿ ಸಿಂಹದ ಮುಖ ಕೆತ್ತಿದ ಹಿಡಿಯ ಮಚ್ಚು ಕೊಟ್ಟು, ಅವಳ ಒಂದೇ ಒಂದು ಹಾಲು ಕರೆಯುವ ಮೇಕೆಯನ್ನು ಹಿಡಿದುಕೊಂಡು ಹೋದ. ನಾಲ್ಕು ಏಟು ಹಾಕುವುದರೊಳಗೆ ಅಲಗು ಕಿತ್ತುಕೊಂಡು ಪೊದೆಗೆ ಹಾರಿತು. ಕೈಯಲ್ಲಿ ಸಿಂಹ ಮಾತ್ರ ಉಳಿಯಿತು. ಹಿಡಿಯೊಳಗೆ ಕಬ್ಬಿಣ ಬೆರಳುದ್ದವೂ ಹೋಗಿರಲಿಲ್ಲ.

ಅಷ್ಟರಲ್ಲಿ ತೊಗಟೆ ಮುದ್ದಯ್ಯನ ಕುತ್ತಿಗೆ ಹಿಡಿದಿತ್ತು. ಕೆಂಪಾಜಿ ಎದೆ ಎದೆ ಬಡಿದುಕೊಂಡಳು. “ನನ್ನ ಕಣ್ಣಿಗೆ ಮಂಕು ಕವಿದಿತ್ತಲ್ಲಪ್ಪಾ! ಹೊಳಪು ನೋಡಿ ಕೆಟ್ಟೆ, ಚಂದ ನೋಡಿ ಕೆಟ್ಟೆ. ಇನ್ನು ಕೊಡೋಕೆ ನನ್ನ ಹತ್ರ ಏನಿದೆ?”

ಹಾಗೇ ಅಳುತ್ತ ಊರಾಚೆಯ ಕುಲುಮೆಗೆ ಬಂದಳು. ಅಲ್ಲಿ ಈರಜ್ಜಿ ಅನ್ನೋ ಮುದುಕಿ ಕಬ್ಬಿಣ ಬಡಿಯುತ್ತಿದ್ದಳು.

“ಅಜ್ಜೀ, ಮಚ್ಚು ಬೇಕು. ಕೊಡೋಕೆ ಏನೂ ಇಲ್ಲ.”

“ಕೈ ಇದೆಯಲ್ಲವಾ? ತಿದಿ ಒತ್ತು, ಬೆಂಕಿಗೆ ಗಾಳಿ ಬರಲಿ. ಆಮೇಲೆ ಬೇಕಾದ್ದು ಆರಿಸ್ಕೊ.”

ಅಂಗೈ ಬೊಬ್ಬೆ ಎದ್ದು ಒಡೆಯುವವರೆಗೂ ಕೆಂಪಾಜಿ ತಿದಿ ಒತ್ತಿದಳು. ಆಮೇಲೆ ಮೂಲೆಯ ರಾಶಿಗೆ ಕೈ ಹಾಕಿದಳು. ಹೊಳೆಯುವುದನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಬೆನ್ನು ದಪ್ಪಗಿದ್ದ, ತುದಿಯ ಕಡೆ ಭಾರವಿದ್ದ, ಹಿಡಿಯ ಕೊನೆಯವರೆಗೂ ಕಬ್ಬಿಣವಿದ್ದ ಒಂದು ಕರೀ ಮಚ್ಚನ್ನು ಎತ್ತಿಕೊಂಡಳು.

“ಈಗ ಕಣ್ಣು ಬಂತು ನಿನಗೆ” ಅಂದಳು ಈರಜ್ಜಿ.

ಕಾಡಿಗೆ ಬಂದರೆ, ತೊಗಟೆ ಮುದ್ದಯ್ಯನ ಬಾಯಿ ಮುಚ್ಚಿತ್ತು. ಕಣ್ಣೆರಡೇ ಕಾಣುತ್ತಿದ್ದವು. ಕೆಂಪಾಜಿ ಬೀಸಿ ಬೀಸಿ ಕಡಿದಳು. ಮಚ್ಚು ಮುರಿಯಲಿಲ್ಲ, ಆದರೆ ಕಡಿದ ಗಾಯವೆಲ್ಲ ಕಣ್ಣೆದುರೇ ಕೂಡಿಕೊಂಡಿತು! ಅವಳ ಕೈ ಸೋತು ಬಿತ್ತು.

ಆಗ ಜಡೆಗಾಳ ಬಂದ. ಅವನ ಪಾದ ನೆಲ ಮುಟ್ಟುತ್ತಿರಲಿಲ್ಲ, ಗಾಳಿಯಲ್ಲೇ ನಡೆಯುತ್ತಿದ್ದ.

“ನನ್ನ ಮರಕ್ಕೂ ಮುರಿಯದ ಆ ಮಚ್ಚು ನನ್ನ ಕೈಗೆ ಕೊಡು. ನಿನ್ನ ಗಂಡನನ್ನು ಬಿಟ್ಟುಬಿಡುತ್ತೇನೆ” ಅಂದ.

ಸುಳ್ಳು ಅಂತ ಅವಳಿಗೆ ಗೊತ್ತು. ಆದರೂ ಮುಳುಗುವವಳಿಗೆ ಬೇರೆ ಏನಿದೆ? ಕೊಡಲು ಹೊರಟಳು. ಆದರೆ ಕಗ್ಗಲಿಪುರದ ಕಡೆ ಕತ್ತಿ, ಮಚ್ಚುಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಬರುತ್ತದೆ ಅಂತ. ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಅಷ್ಟು ದುಃಖದಲ್ಲೂ ಅವಳ ಕೈ ರೂಢಿ ಮರೆಯಲಿಲ್ಲ. ಮಚ್ಚನ್ನು ನೆಲಕ್ಕಿಟ್ಟಳು.

ಜಡೆಗಾಳ ಆಸೆಯಿಂದ ಬಗ್ಗಿದ. ಬೆರಳು ಮಣ್ಣಿಗೆ ತಾಗಿತು. ಅಷ್ಟೇ! ನೆಲ ಮುಟ್ಟಿದರೆ ಅವನ ಮಂತ್ರ ಅವನಿಗೇ ತಿರುಗುತ್ತಿತ್ತು, ಮಣ್ಣು ಅವನನ್ನು ಬಿಡಲಿಲ್ಲ. ಬೆರಳುಗಳು ಬೇರಾಗಿ ಇಳಿದವು, ಜಡೆ ಕೊಂಬೆಯಾಯಿತು, ಕೂಗು ಎಲೆಯ ಸದ್ದಾಯಿತು.

ಕೆಂಪಾಜಿ ಮಚ್ಚು ಎತ್ತಿಕೊಂಡು ಜಾಲಿಗೆ ಒಂದೇಟು ಹಾಕಿದಳು. ಮಂತ್ರ ಹೋಗಿತ್ತು, ಗಾಯ ಕೂಡಿಕೊಳ್ಳಲಿಲ್ಲ. ಕಡಿದಳು, ಕಡಿದಳು. ಮುಖದ ಹತ್ತಿರ ಬಂದಾಗ ಏಟು ನಿಲ್ಲಿಸಿದಳು. “ಕಣ್ಣು ಮುಚ್ಕೊಳ್ಳೀ” ಅಂದಳು. ಅವನು ಮುಚ್ಚಲಿಲ್ಲ, ಅವಳನ್ನೇ ನೋಡುತ್ತಿದ್ದ. ಮಚ್ಚು ಕೂದಲೆಳೆಯಷ್ಟು ಆಚೆ ಇಳಿಯಿತು, ತೊಗಟೆ ಸಿಡಿಯಿತು, ಮುದ್ದಯ್ಯ ಉಸಿರೆಳೆದುಕೊಂಡ.

ಆ ಮಚ್ಚಿನಿಂದಲೇ ಮರಗಳು ನುಂಗಿದ್ದ ಎಲ್ಲರನ್ನೂ ಬಿಡಿಸಿದರು. ಕಗ್ಗಲಿಪುರದ ಒಲೆಗಳು ಮತ್ತೆ ಹೊತ್ತಿಕೊಂಡವು, ಊರೆಲ್ಲ ಉಂಡು ಸುಖವಾಗಿತ್ತು. ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಮರದಿಂದ ಹೊರಬಿದ್ದ ಮುದ್ದಯ್ಯ ನೀರು ಕೇಳಲಿಲ್ಲ, ಅನ್ನ ಕೇಳಲಿಲ್ಲ. ಒಡೆದ ಬೊಬ್ಬೆಗಳ ಆ ಅಂಗೈಗಳನ್ನು ಹಿಡಿದುಕೊಂಡು, ಮಗುವಿಗೆ ಊದುವ ಹಾಗೆ ಉಫ್ ಉಫ್ ಅಂತ ಊದುತ್ತ ಕೂತ. ಕೆಂಪಾಜಿ ಆಗ ಜೋರಾಗಿ ಅತ್ತಳು.