ಮ್ಯೂಟ್ ಮಾಡಿದ್ದ ಅಳು

"ಥೂ! ಮನುಷ್ಯರೇನ್ರೀ ನೀವು?"

ಎಡಿಟಿಂಗ್ ರೂಮಿನ ಬಾಗಿಲು ದಡಾರನೆ ತಳ್ಳಿದವನ ಮೊದಲ ಮಾತೇ ಅದು!

ಅವಳು ಕುರ್ಚಿ ತಿರುಗಿಸಿದಳು. ಹನ್ನೊಂದು ಸಿನಿಮಾ, ಅದರ ನಾಲ್ಕರಷ್ಟು ಆಲ್ಬಂ ಹಾಡುಗಳನ್ನು ಎಡಿಟ್ ಮಾಡಿದವಳು. ಸತ್ತ ಹಾಡೂ ಅವಳ ಕೈಯಲ್ಲಿ ಎದ್ದು ಕೂರುತ್ತದೆ ಅನ್ನುವ ಹೆಸರು ಬೇರೆ. ಅಂಥವಳಿಗೆ ಥೂ ಅನ್ನುವವನು ಯಾರು?

"ಇವತ್ತು ಬಿಡುಗಡೆ ಆಗೋ ಹಾಡಿನ ಕ್ಯಾಮೆರಾಮನ್ ನಾನು. ನೀವು ಎಡಿಟ್ ಮಾಡಿದ್ದನ್ನ ಈಗಷ್ಟೇ ನೋಡ್ದೆ."

ಅವಳ ಎದೆ ಧಸಕ್ಕೆಂದಿತು. ಇವನೇನಾ...? ಮೂರು ಸಿನಿಮಾಗಳಿಂದ ಇವನ ಶಾಟ್‌ಗಳನ್ನು ನೋಡಿ ನೋಡಿ, ಮುಖ ಕಾಣದೆಯೇ ಮನಸ್ಸು ಕೊಟ್ಟು ಕೂತಿದ್ದಳು ಹುಚ್ಚಿ.

"ನಾಯಕಿ ಅಳೋ ಶಾಟ್ ನಟನೆ ಅಲ್ಲ ಕಣ್ರೀ. ಅವಳಪ್ಪ ಹೋದ್ರು ಅಂತ ಆಗಷ್ಟೇ ಫೋನ್ ಬಂದಿತ್ತು. ಆ ಕಣ್ಣೀರಿಗೆ ತಾಳ ಕೂಡಿಸಿದ್ದೀರಲ್ಲ, ಅಸಹ್ಯ ಆಗಲ್ವಾ?"

ಅವಳು ಪರದೆಯತ್ತ ತಿರುಗಿದಳು. "ಆ ಅಳುವೇ ಹಾಡಿನ ಜೀವ!" ಅಂತ ನಿರ್ದೇಶಕ ಬೆಳಿಗ್ಗೆಯಷ್ಟೇ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದ್ದ. ಸಂಜೆ ಐದಕ್ಕೆ ಬಿಡುಗಡೆ.

"ನನಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತಲ್ಲ! ಅಪ್ಪನ್ನ ಕಳ್ಕೊಂಡೋಳ ಮುಖಕ್ಕೆ ಕ್ಯಾಮೆರಾ ಹಿಡಿದು ನಿಂತಿದ್ದು ಯಾರು? ನಿಮ್ಮನ್ನ ನೋಡಿದ್ರೆ ವಾಕರಿಕೆ ಬರ್ತಿದೆ!"

ಅವನು ಬಾಗಿಲು ಎಳೆದುಕೊಂಡು ಹೊರಟುಹೋದ.

ಇಂಥವನಿಗಾ ನಾನು ಮನಸ್ಸು ಕೊಟ್ಟಿದ್ದು... ಛೀ!

ಮೂಲ ಕ್ಲಿಪ್ ತೆರೆದಳು. ಹಾಡಿನ ಎಡಿಟಿಂಗ್‌ನಲ್ಲಿ ಸೆಟ್ಟಿನ ಶಬ್ದ ಯಾರಿಗೂ ಬೇಡ, ಅದನ್ನು ಮ್ಯೂಟ್ ಮಾಡುವುದೇ ಮೊದಲ ಕೆಲಸ. ಇವತ್ತು ಮೊದಲ ಸಲ ಶಬ್ದ ಹಾಕಿದಳು.

"ಅಪ್ಪಾ..." ಕರುಳು ಹಿಂಡುವ ಕೂಗು. ಹಿಂದೆಯೇ ನಿರ್ದೇಶಕನ ಪಿಸುಮಾತು: "ಕ್ಯಾಮೆರಾ ನಿಲ್ಲಿಸ್ಬೇಡ, ಸೂಪರ್ರಾಗಿದೆ!"

"ಹಾಳಾಗ್ಲಿ ನಿಮ್ಮ ಹಾಡು!"

ಅವನ ದನಿ! ಮರುಕ್ಷಣ ಅವನು ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾ ಬಿಟ್ಟು ಓಡಿ ಬಂದು ಲೆನ್ಸಿಗೆ ಅಡ್ಡ ನಿಂತ. ಪರದೆ ತುಂಬ ಅವನ ಬೆನ್ನು.

ಯಾವ ಕತ್ತೆ ಅಡ್ಡ ಬಂತೋ ಅಂತ ಬೈದುಕೊಂಡು, ಆ ಬೆನ್ನನ್ನು ಕತ್ತರಿಸಿ, ನಾಲ್ಕು ಸೆಕೆಂಡಿನ ಅಳುವನ್ನು ಮಾತ್ರ ಇಟ್ಟುಕೊಂಡವಳು ಅವಳೇ! ಕಣ್ಣೀರು ಎಷ್ಟು ಚೆನ್ನಾಗಿ ಹೊಳೀತಿದೆ ಅಂತ ಬೇರೆ ಹಿಗ್ಗಿದ್ದಳು. ತನ್ನ ಕೈಗಳನ್ನು ನೋಡಿಕೊಳ್ಳಲೂ ಹೇಸಿಗೆಯಾಯಿತು.

ನಿರ್ದೇಶಕನಿಗೆ ಫೋನ್ ಮಾಡಿದಳು. "ಆ ಶಾಟ್ ತೆಗೀತಿದ್ದೀನಿ."

"ತೆಗೆದ್ರೆ ನನ್ನ ಮುಂದಿನ ಸಿನಿಮಾದಲ್ಲಿ ನೀವಿರಲ್ಲ!"

"ಬೇಡ ಬಿಡಿ."

ಶಾಟ್ ತೆಗೆದಳು. ಇನ್ಯಾರೂ ಸೇರಿಸದಂತೆ ಮೂಲ ಕ್ಲಿಪ್ಪನ್ನೂ ಅಳಿಸಿದಳು.

ಅವನು ಕೆಳಗೆ ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ಕೂತಿದ್ದ.

"ಆ ಕ್ಲಿಪ್ ಅಳಿಸಿಬಿಟ್ಟೆ... ನೀವು ಅಡ್ಡ ಬಂದಿದ್ದನ್ನೂ ನೋಡಿದೆ. ನಾನು ಅಷ್ಟು ಅಂದಾಗ ಯಾಕೆ ಹೇಳ್ಲಿಲ್ಲ?"

"ಆ ನಾಲ್ಕು ಸೆಕೆಂಡ್ ನಾನೂ ನಿಂತು ನೋಡಿದ್ದೆನಲ್ಲ... ನೀವು ಬೈದಿದ್ದು ಸರೀನೇ ಅನ್ನಿಸ್ತು."

ಅವಳು ಪಕ್ಕದಲ್ಲೇ ಕುಸಿದು ಕೂತಳು. ತಡೆದಿದ್ದ ಅಳು ಒತ್ತರಿಸಿ ಬಂತು.

"ಮೂರು ಸಿನಿಮಾದಿಂದ ನಿಮ್ಮನ್ನ ನೋಡ್ಬೇಕು ಅಂತಿದ್ದೆ... ನೋಡಿದ ದಿನಾನೇ ವಾಕರಿಕೆ ಅಂದ್ಬಿಟ್ಟೆ. ಈಗ ಇಷ್ಟ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಹೇಳಿ ಆಯ್ತಲ್ಲ!" ಅವನು ಮೆಲ್ಲಗೆ ಅವಳ ಕೈ ಹಿಡಿದ.

"ನಾನು ಅತ್ತಾಗ್ಲೂ ಹಾಗೇ ಓಡಿ ಬರ್ತೀರಾ?"

"ಅಳೋ ತನಕ ದೂರ ಯಾಕಿರ್ಲಿ?"