ಅರ ತಾಗಿದ ಗಾಜು

ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವಳ ಅಪ್ಪ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿದ್ದರು.

"ಮಾರ್ಫಿನ್ ಕೊಟ್ವಿ ಅಂತ ರಿಜಿಸ್ಟರಲ್ಲಿದೆ. ನಮ್ಮಪ್ಪ ನೋವಿಗೆ ದಿಂಬು ಕಚ್ಚಿ ಹರ್ದಿದಾರೆ."

"ದಿನಾನೂನಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ. ಕೆಲವು ದಿನ ಹಾಯಾಗಿ ಮಲಗ್ತಾರೆ. ಮಲಗದ ದಿನ ಎಲ್ಲಾ ಗುರುತು ಹಾಕಿಟ್ಟಿದೀನಿ." ಹದಿನಾಲ್ಕು ತಾರೀಖುಗಳಿದ್ದವು.

10.15ಕ್ಕೆ ಎಫ್‌ಐಆರ್ ಆಯಿತು. ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಮಾರ್ಫಿನ್ನಿನ ಒಂದು ಖಾಲಿ ಗಾಜಿನ ಆಂಪೂಲ್ ಒಪ್ಪಿಸಿದರೆ ಮಾತ್ರ ತುಂಬಿದ್ದು ಸಿಗುತ್ತಿತ್ತು. ಖಾಲಿಯವು ತಾರೀಖು ಬರೆದ ಲಕೋಟೆಗಳಲ್ಲಿದ್ದವು. ಒಂದೂ ಕಡಿಮೆಯಿರಲಿಲ್ಲ. ಆ ಹದಿನಾಲ್ಕು ದಿನ ಸಹಿ ಹಾಕಿದವರು ಮೂವರು ನರ್ಸುಗಳು.

ಪಂಚನಾಮೆ ಬರೆಯುತ್ತಿದ್ದ ಮಹಿಳಾ ಹೆಡ್ ಕಾನ್‌ಸ್ಟೆಬಲ್ ತಲೆಯೆತ್ತಿದರು. "ಸಾರ್, ಈ ಹದಿನಾಲ್ಕು ದಿನದ ಗಾಜಿನ ಕುತ್ತಿಗೇಲಿ ಮಾತ್ರ ಗೀರಿದೆ."

ಫಾರ್ಮಸಿಸ್ಟ್ ನಕ್ಕ. "ಒಡೆಯೋಕೆ ಅರದಿಂದ ಗೀರಿದಾರೆ! ಈಗಿನ ಗಾಜು ಲಟಕ್ ಅಂದ್ರೆ ಮುರಿಯತ್ತೆ. ಇದು ನಮ್ಮಜ್ಜಿ ಕಾಲದ್ದು ಮೇಡಂ."

ಇನ್ಸ್‌ಪೆಕ್ಟರ್ ನಗಲಿಲ್ಲ. ಮೂರನೇ ಕ್ಲಾಸಿನಲ್ಲಿ ಜ್ವರ ಬಂದು ಇದೇ ಕಟ್ಟಡದಲ್ಲಿ ಮಲಗಿದ್ದಾಗ ಕಿಟಕಿಯ ಬಳಿ ಗಾಜಿನ ಮೇಲೆ ಅರ ಕರ್ ಕರ್ ಎನ್ನುತ್ತಿತ್ತು. "ಹತ್ತು ಎಣಿಸು ಮರಿ," ಎನ್ನುತ್ತಿದ್ದರು ಇಂಜೆಕ್ಷನ್ ಕೊಡುತ್ತಿದ್ದ ಇಲ್ಲಿನ ನರ್ಸ್ ದೊಡ್ಡಣ್ಣ. ಏಳಕ್ಕೇ ಸೂಜಿ ಹೊರಗೆ ಬಂದಿರುತ್ತಿತ್ತು. ಇಂಜೆಕ್ಷನ್ನಿಗೆ ಹೆದರದೆ ಬೆಳೆದದ್ದು ಆ ಮನುಷ್ಯನಿಂದ.

ಮೂವರು ನರ್ಸುಗಳದೂ ಒಂದೇ ಹೇಳಿಕೆ: "ನೀವು ಊಟ ಮಾಡ್ಹೋಗಿ, ನಾನು ಕೊಡ್ತೀನಿ ಅಂದ್ರು ದೊಡ್ಡಣ್ಣ. ನಮಗೆ ಕೆಲಸ ಕಲಿಸಿದವ್ರು, ಸಾರ್."

3.20ಕ್ಕೆ ದೊಡ್ಡಣ್ಣ ಎದುರು ಕೂತರು. ನಿವೃತ್ತಿಗೆ ಐದು ತಿಂಗಳಿತ್ತು.

"ಇದು ನಿಮ್ಮ ಕೈಯದಾ?"

ಅವರು ಗಾಜನ್ನು ಬೆಳಕಿಗೆ ಹಿಡಿದರು. "ಹೌದು. ಹಳೇ ಕೈ, ಬುದ್ಧಿ ಬಿಡಲ್ಲ."

"ಮುದುಕರಿಗೆ ಏನು ಚುಚ್ಚಿದ್ರಿ?"

"ನೀರು."

"ಅವರು ಕಿರುಚ್ತಿದ್ದದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ಹೋದ್ವರ್ಷ ಮೆಟ್ಟಿಲಲ್ಲಿ ಸ್ಟ್ರೆಚರ್ ಜಾರ್ತು. ರೋಗೀನ ಬಿಡಲಿಲ್ಲ, ನನ್ನ ತಲೆ ಗೋಡೆಗೆ ಬಡೀತು. ಮಿದುಳಲ್ಲಿ ರಕ್ತ. ಆಪರೇಷನ್ ಆದಾಗ ಈ ಮಾರ್ಫಿನ್ನೇ ಕೊಟ್ಟಿದ್ರು. ಮಗು ಥರ ಮಲಗಿದ್ದೆ. ಮನೆಗೆ ಹೋದ್ಮೇಲೆ ಕಣ್ಣು ಮುಚ್ಚಲಿಲ್ಲ ಕಣಪ್ಪ, ತಿಂಗಳುಗಟ್ಲೆ. ಮೊದಲು ನಿದ್ದೆಗೆ ಅಂತ ತಗೊಂಡೆ. ಈಗ ತಗೊಂಡ್ರೂ ನಿದ್ದೆ ಇಲ್ಲ, ತಗೊಳ್ದಿದ್ರೆ ಜೀವ ಇಲ್ಲ."

ದೊಡ್ಡಣ್ಣನ ತಲೆಗೆ ಚಿಕಿತ್ಸೆ ಮಾಡಿದ್ದ ವೈದ್ಯರು ಹೇಳಿಕೆ ಕೊಟ್ಟರು: ಪೆಟ್ಟುಬಿದ್ದ ಮಿದುಳು ನಿದ್ದೆ ಕಳೆದುಕೊಳ್ಳುತ್ತದೆ, ನಿದ್ದೆಗೆಟ್ಟ ಮಿದುಳಿಗೆ ಬೇಡ ಎನ್ನುವ ಶಕ್ತಿ ಕುಗ್ಗುತ್ತದೆ. ಗಾಯ ಮಾಗಿತೆಂದು ಬರೆದು ದೊಡ್ಡಣ್ಣನನ್ನು ಮತ್ತೆ ಔಷಧಿ ಕಪಾಟಿನ ಪಕ್ಕಕ್ಕೆ ಕಳಿಸಿದವರೂ ಅವರೇ. ಇನ್ಸ್‌ಪೆಕ್ಟರ್ ಅದನ್ನೂ ಬರೆಸಿಕೊಂಡರು.

4.30ಕ್ಕೆ ದಸ್ತಗಿರಿ. ಹೊರಗೆ ಹೋಗುವ ದಾರಿ ವಾರ್ಡಿನ ಮುಂದೆಯೇ ಇತ್ತು. ಮುದುಕರಿಗೆ ಅಂದು ನಿಜವಾದ ಮದ್ದು ಬಿದ್ದಿತ್ತು. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಗಳು ಕಾಲ ಬಳಿ ಕೂತಿದ್ದಳು.

ದೊಡ್ಡಣ್ಣ ಬಾಗಿಲಲ್ಲಿ ನಿಂತುಬಿಟ್ಟರು. ಹಸಿದವನು ಇನ್ನೊಬ್ಬನ ತಟ್ಟೆ ನೋಡುವ ಹಾಗೆ ಆ ನಿದ್ದೆಯನ್ನು ನೋಡಿದರು. ಹೆಡ್ ಕಾನ್‌ಸ್ಟೆಬಲ್ ತೋಳು ಹಿಡಿದರೂ ಇನ್ಸ್‌ಪೆಕ್ಟರ್ ಒಂದು ನಿಮಿಷ ಅವಸರ ಮಾಡಲಿಲ್ಲ.