ಹೆಸರುಗಳು ಮುಗಿಯುವ ಮೊದಲು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಎಂದಿನ ಹೊತ್ತಿಗೇ ಎದ್ದಳು. ಹಾಸಿಗೆ ಮಡಿಸಿದಳು. ಗಂಡನ ಎರಡು ಅಂಗಿಗಳನ್ನು ನೆನೆಹಾಕಿದಳು. ಆಮೇಲೆ, ಒಗೆದು ಯಾರಿಗೆ ಕೊಡುವುದು ಎಂದು ಹೊಳೆಯಿತು. ಆದರೂ ಒಗೆದಳು. ಅಳು ಬರಲಿಲ್ಲ, ಅಂತ್ಯಕ್ರಿಯೆಯ ದಿನವೂ ಬಂದಿರಲಿಲ್ಲ.

ಎರಡನೆಯ ಅಂಗಿಯನ್ನು ಹಗ್ಗದ ಮೇಲೆ ಹರವುವಾಗ ಚಿತ್ರಮಂದಿರದ ಮ್ಯಾನೇಜರ್ ಬಂದ. ಅವಳ ಗಂಡ ಅಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದ. ಮ್ಯಾನೇಜರ್ ಕೈಯಲ್ಲಿ ಒಂದು ಹಾಳೆಯಿತ್ತು.

"ಒಂದು ಸಹಿ ಅಮ್ಮಾ. ಸಂಜೆಯೊಳಗೆ ಸಿಕ್ಕಿದ್ರೆ ನಾಳೆ ಥಿಯೇಟರ್ ತೆಗೀಬಹುದು."

ಅವಳು ಓದಿದಳು. ಆಪರೇಟರ್ ಅವಸರದಿಂದ ಚಿತ್ರವನ್ನು ಮುಗಿಯುವ ಮೊದಲೇ ನಿಲ್ಲಿಸಿದ್ದರಿಂದ ಪ್ರೇಕ್ಷಕರು ಕೆರಳಿದರು, ಓಡಿಹೋಗುವಾಗ ಆತ ಮೆಟ್ಟಿಲಿಂದ ಬಿದ್ದು ತೀರಿಕೊಂಡರು, ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

"ಅವರು ಓಡಿಹೋಗೋರಲ್ಲ."

"ಐನೂರು ಜನ ಮೈಮೇಲೆ ಬಂದ್ರೆ ನಾನೂ ಓಡ್ತೀನಿ ಕಣಮ್ಮಾ."

"ಸತ್ತವನ ತಲೆಗೆ ಕಟ್ಟೋದು ಸುಲಭ ಬಿಡಪ್ಪ," ಎಂಬ ದನಿ ಕೆಳಮನೆಯ ಕಿಟಕಿಯಿಂದ ಬಂತು. "ಅವನು ಎದ್ದು ಬಂದು ಅಲ್ಲ ಅನ್ನೋದಿಲ್ಲವಲ್ಲ."

ಅದು ಅಂಚೆಯಮ್ಮ. ಮೂವತ್ತು ವರ್ಷ ಅಂಚೆ ಕಚೇರಿ ನಡೆಸಿ ನಿವೃತ್ತಳಾದ ಮುದುಕಿ. ಹೆಸರಿಲ್ಲದ ಪತ್ರ ಬರೆದವರು ಯಾರು, ಅಂಗಡಿಯ ಬೀಗ ಮುರಿದವರು ಯಾರು ಎಂದು ಆ ಬೀದಿಯವರು ಮೊದಲು ಕೇಳುತ್ತಿದ್ದುದು ಅವಳನ್ನು. ಪೊಲೀಸರೂ ಒಂದೆರಡು ಸಲ ಅವಳ ಬಾಗಿಲು ತಟ್ಟಿದ್ದರು.

"ಸಂಜೆ ನಾಲ್ಕಕ್ಕೆ ಥಿಯೇಟರಿನಲ್ಲೇ ಸಹಿ ಮಾಡ್ತಾಳೆ, ಇಲ್ಲಾ ಹರಿದು ಕೈಗೆ ಕೊಡ್ತಾಳೆ. ಈಗ ನಡಿ," ಎಂದು ಅವನನ್ನು ಸಾಗಹಾಕಿ, ಅಂಚೆಯಮ್ಮ ಮೇಲೆ ಬಂದು ಕುಳಿತಳು. "ನಿಂಗೆ ಏನು ಬೇಕು ಮಗಳೇ? ಸರಿಯಾಗಿ ಹೇಳು."

"ಅವರು ನಿಲ್ಲಿಸಲಿಲ್ಲ ಅಂತ ಗೊತ್ತಾಗಬೇಕು. ನಿಲ್ಲಿಸಿದ್ರೆ, ಅದೂ ಗೊತ್ತಾಗಬೇಕು."

"ಎರಡನೇದಕ್ಕೂ ತಯಾರಿದ್ದೀಯಲ್ಲ, ಹಾಗಾದ್ರೆ ಸರಿ. ಜನ ಏನಂತಿದ್ದಾರೆ, ಆ ಫೋನಿನಲ್ಲಿ ಓದು. ನನ್ನ ಕಣ್ಣಿಗೆ ಇರುವೆ ಸಾಲು ಥರ ಕಾಣುತ್ತೆ."

ಅವಳು ಓದಿದಳು. ಚಿತ್ರದ ಹೆಸರು 'ಸಿಡಿಲಂಗಿ'. ಮೊದಲ ದಿನದ ಮೊದಲ ಆಟ ನೋಡಿದವರು ಅದನ್ನು ಹರಿದು ತೋರಣ ಕಟ್ಟಿದ್ದರು. 'ಸಿಡಿಲೂ ಇಲ್ಲ, ಅಂಗಿನೂ ಮೈಗೆ ಕೂತಿಲ್ಲ.' 'ಖಳನಾಯಕ ಬೇಗ ಗೆದ್ದರೆ ಮನೆಗೆ ಹೋಗಬಹುದಿತ್ತು.' 'ಬಾಗಿಲಲ್ಲಿ ಕೊಟ್ಟ ಹೀರೋ ಮುಖವಾಡನ ಕೊನೇ ಅರ್ಧಗಂಟೆ ಎಲ್ಲರೂ ಹಿಂದಲೆಗೆ ಕಟ್ಕೊಂಡ್ವಿ, ಪಾಪ ಅವನಾದ್ರೂ ಈ ಸಿನಿಮಾ ನೋಡದಿರಲಿ ಅಂತ.' 'ಕೊನೇಲಿ ಬರೋ ಹೆಸರುಗಳೆಲ್ಲ ಆದ್ಮೇಲೆ ಮುಂದಿನ ಭಾಗದ ತುಣುಕು ಬರುತ್ತೆ ಅಂತ ಕಾದ್ವಿ, ಅದನ್ನೂ ಆಪರೇಟರ್ ನುಂಗಿದ. ಸತ್ತನಂತೆ. ಒಳ್ಳೇದಾಯ್ತು.'

ಕೊನೆಯದನ್ನು ನಾನೂರು ಜನ ಮೆಚ್ಚಿಕೊಂಡಿದ್ದರು. ಅವಳು ಫೋನನ್ನು ಮಗುಚಿ ಇಟ್ಟಳು.

"ಅಂದ್ರೆ ಬೈಯೋದಕ್ಕೆ ಕೂಡ ಪೂರ್ತಿ ನೋಡಬೇಕಿತ್ತು ಅವರಿಗೆ," ಎಂದಳು ಅಂಚೆಯಮ್ಮ. "ಚಪ್ಪಲಿ ಮೆಟ್ಟಿಕೋ."

ಚಿತ್ರಮಂದಿರದಲ್ಲಿ ಮುರಿದ ಕುರ್ಚಿಗಳನ್ನು ಗೋಡೆಗೆ ಒಟ್ಟಿದ್ದರು. ಸಭಾಂಗಣಕ್ಕೆ ಎರಡೇ ಬಾಗಿಲು, ಎರಡೂ ಪರದೆಯ ಅಕ್ಕಪಕ್ಕ. ಎದುರು ತುದಿಯಲ್ಲಿ, ಕೊನೆಯ ಸಾಲಿಗೂ ಹಿಂದೆ, ಎತ್ತರದಲ್ಲಿ ಪ್ರೊಜೆಕ್ಟರ್ ಕೋಣೆಯ ಸಣ್ಣ ಕಿಂಡಿ. ಆ ಕೋಣೆಗೆ ಹತ್ತಲು ಮುಂಭಾಗದಲ್ಲಿ ಕಲ್ಲಿನ ಮೆಟ್ಟಿಲು, ಹಿತ್ತಲಲ್ಲಿ ಕಬ್ಬಿಣದ ಏಣಿಮೆಟ್ಟಿಲು. ಗಂಡ ಬಿದ್ದದ್ದು ಕಲ್ಲಿನ ಮೆಟ್ಟಿಲಲ್ಲಿ.

ಬಾಗಿಲು ಕಾಯುವ ಅಣ್ಣ ಅವಳನ್ನು ಕಂಡು ಎದ್ದು ನಿಂತ. ಚಟ್ಟಕ್ಕೆ ಹೆಗಲು ಕೊಟ್ಟ ನಾಲ್ವರಲ್ಲಿ ಅವನೂ ಒಬ್ಬ. ಅಂದು ಅವಳಿಗಿಂತ ಹೆಚ್ಚು ಅತ್ತವನು.

"ಏನು ಹೇಳಲಿ ತಂಗಿ. ಹೊರಗೆ ಮುಂದಿನ ಆಟದವರು ಗೇಟು ಕೀಳ್ತಿದ್ದಾರೆ. ಒಳಗೆ ಒಬ್ಬನೂ ಏಳ್ತಿಲ್ಲ. ಆ ಮುಖವಾಡಗಳೆಲ್ಲ ಸಾಲುಸಾಲಾಗಿ ನನ್ನನ್ನೇ ದುರುಗುಟ್ಟಿ ನೋಡ್ತಿವೆ. ಅಷ್ಟರಲ್ಲಿ ಪರದೆ ಕತ್ತಲಾಯ್ತು."

"ನೀನೆಲ್ಲಿದ್ದೆ?" ಎಂದಳು ಅಂಚೆಯಮ್ಮ.

"ಇನ್ನೆಲ್ಲಿ, ನನ್ನ ಬಾಗಿಲಲ್ಲಿ."

ಅಂಚೆಯಮ್ಮ ತಲೆಯಾಡಿಸಿ, ಟಿಕೆಟ್ ಕೌಂಟರಿನ ಅಕ್ಕನ ಬಳಿಗೆ ನಡೆದಳು. ಆಕೆ ಮರದ ಸ್ಟೂಲಿನ ಮೇಲೆ ಕುಳಿತು ಹರಿದ ಮುಖವಾಡಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಆ ದಿನ ಇವಳ ಗಂಡನ್ನ ನೋಡಿದ್ಯಾ?"

"ನೋಡದೆ ಏನು. ಹೆಸರುಗಳು ಶುರುವಾದ ತಕ್ಷಣ ಕೆಳಗೆ ಬಂದ್ರು. ಬಾಗಿಲ ಅಣ್ಣ ಎಲ್ಲಿ, ಈಗಲೇ ಬಾಗಿಲು ತೆಗೀಬೇಡ ಅನ್ನಬೇಕು, ಕೊನೇಲಿ ಇನ್ನೊಂದು ತುಣುಕಿದೆ ಅಂದ್ರು. ಹುಡುಕ್ತಾ ಇದ್ದಾಗಲೇ ಒಳಗೆ ಹೋ ಅಂತ ಗಲಾಟೆ ಆಯ್ತು. ಮೇಲಕ್ಕೆ ಓಡಿದ್ರು. ಜನ ಅವರ ಹಿಂದೆಯೇ ನುಗ್ಗಿದ್ರು."

"ಮೇಲಕ್ಕಾ?" ಎಂದು ಕೇಳಿದವಳು ಅವಳು, ಅಂಚೆಯಮ್ಮನಲ್ಲ.

"ಮೇಲಕ್ಕೇ."

"ಯಾಕೆ ಯಾರಿಗೂ ಹೇಳಲಿಲ್ಲ?"

"ಕಿಟಕಿ ಹಿಂದೆ ಕೂತೋಳನ್ನ ಯಾರು ಕೇಳ್ತಾರೆ? ಮ್ಯಾನೇಜರ್ ಅಂತೂ ಗಲಾಟೆ ಶುರುವಾದಾಗ ನನ್ನ ಕಿಟಕಿ ಎದುರೇ ಕ್ಯೂನವರ ಕೈಲಿ ಬೈಸಿಕೊಳ್ತಾ ನಿಂತಿದ್ರು. ಆಮೇಲೆ, ಸುಮ್ಮನಿರು ಅಂದ್ರು."

ನಾಲ್ಕು ಗಂಟೆಗೆ ಅಂಚೆಯಮ್ಮ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದಳು. ಮ್ಯಾನೇಜರ್, ಟಿಕೆಟ್ ಅಕ್ಕ, ಅವಳು, ಮೂವರಿಗೂ ಒಂದೊಂದು ಮುಖವಾಡ ಕೊಟ್ಟು ಹಿಂದಲೆಗೆ ಕಟ್ಟಿಸಿ, ಪರದೆಯ ಕಡೆಗೆ ಮುಖ ಮಾಡಿಸಿ ಕೂರಿಸಿದಳು.

"ಇದೇನು ಮಕ್ಕಳಾಟ," ಎಂದ ಮ್ಯಾನೇಜರ್.

"ನಿನ್ನ ಸಿನಿಮಾಗಿಂತ ಚೆನ್ನಾಗಿರುತ್ತೆ, ಕೂತ್ಕೋ." ಬಾಗಿಲ ಅಣ್ಣನ ಕಡೆ ತಿರುಗಿ, "ನೀನು ನಿನ್ನ ಬಾಗಿಲಲ್ಲಿ ನಿಲ್ಲಪ್ಪ. ಈಗ ಹೇಳು, ಯಾವ ಮುಖವಾಡ ನಿನ್ನನ್ನ ನೋಡ್ತಿದೆ?" ಎಂದಳು.

ಅವನು ನೋಡಿದ. ಅವನಿಗೆ ಕಂಡದ್ದು ಮೂರು ಬರಿಯ ಮುಖಗಳು. ಒಂದು ಅವಳದು.

"ಕೊನೇ ಅರ್ಧಗಂಟೆ ಎಲ್ಲರ ಮುಖವಾಡ ಹಿಂದಕ್ಕಿತ್ತು," ಎಂದಳು ಅಂಚೆಯಮ್ಮ. "ಬಾಗಿಲಿಂದ ಇಣುಕಿದವನಿಗೆ ಅವು ಕಾಣೋದಿಲ್ಲ. ಅಷ್ಟೂ ಮುಖವಾಡ ಸಾಲಾಗಿ ದುರುಗುಟ್ಟಬೇಕಾದ್ರೆ ಕೊನೇ ಸಾಲಿನ ಹಿಂದೆ, ಮೇಲಿನ ಕಿಂಡಿಯಲ್ಲಿ ನಿಂತಿರಬೇಕು. ಆಪರೇಟರ್ ಕಲ್ಲಿನ ಮೆಟ್ಟಿಲಿಂದ ನಿನ್ನನ್ನ ಹುಡುಕಿಕೊಂಡು ಇಳಿದ. ನೀನು ಬಾಗಿಲಲ್ಲಿ ಇರಲಿಲ್ಲ, ಕಬ್ಬಿಣದ ಮೆಟ್ಟಿಲಲ್ಲಿ ಅವನನ್ನ ಹುಡುಕಿಕೊಂಡು ಹತ್ತುತ್ತಿದ್ದೆ. ಮ್ಯಾನೇಜರ್ ಟಿಕೆಟ್ ಕಿಟಕಿ ಎದುರು ಇದ್ದ. ಅಲ್ಲಿಗೆ ಆ ಖಾಲಿ ಕೋಣೆಗೆ ಉಳಿದವನು ನೀನೊಬ್ಬನೇ. ನಿಲ್ಲಿಸೋ ಗುಂಡಿ ಒತ್ತಿದವನು ನೀನೇ ತಾನೇ?"

ಬಾಗಿಲ ಅಣ್ಣ ಗೋಡೆಗೆ ಆನಿಕೊಂಡ. "ಗೇಟು ಮುರೀತಿದ್ರು ಅಮ್ಮಾ. ಬೇಗ ಮುಗಿಸು ಅನ್ನೋಣ ಅಂತ ಹೋದೆ. ಯಾರೂ ಇರಲಿಲ್ಲ. ಪರದೆ ಮೇಲೆ ಬರೀ ಹೆಸರು. ರೀಲಿನ ಕಾಲದಲ್ಲಿ ನಾನೂ ಆ ಕೋಣೇಲಿ ಕೆಲಸ ಮಾಡಿದ್ದೆ; ಕೊನೇಲಿ ಹೆಸರು ಬಂದ್ರೆ ಮುಗೀತು ಅಂತ್ಲೇ ಲೆಕ್ಕ, ಯಾರೂ ಕೂರ್ತಿರಲಿಲ್ಲ. ನಿಲ್ಲಿಸಿ ದೀಪ ಹಾಕಿದೆ. ಹೆಸರಾದ ಮೇಲೂ ಕತೆ ಇರುತ್ತೆ ಅಂತ ನಂಗೇನು ಗೊತ್ತು?"

ಅವಳು ಮುಖವಾಡದ ದಾರ ಬಿಚ್ಚಿದಳು.

"ಒತ್ತಿದ್ದು ಗೊತ್ತಿಲ್ಲದೆ. ಹೆಗಲು ಕೊಟ್ಟಾಗ ಗೊತ್ತಿತ್ತಲ್ಲ ಅಣ್ಣಾ."

"ಗೊತ್ತಿತ್ತು ತಂಗಿ."

"ಬೀದಿಯವರೆಲ್ಲ ಅವರನ್ನ ಬೈಯ್ತಾ ಇದ್ರು. ನೀವು ಕೇಳಿಸಿಕೊಂಡು ಸುಮ್ಮನಿದ್ರಿ."

ಅವನು ಕೈ ಮುಗಿದ. ಅವಳು ಅದನ್ನು ನೋಡಲಿಲ್ಲ. ಮ್ಯಾನೇಜರ್ ಹಾಳೆಯನ್ನು ತಾನೇ ಹರಿದ. ಬೇರೊಂದರಲ್ಲಿ ನಡೆದದ್ದನ್ನು ನಡೆದಂತೆ ಬರೆದು, ಬಾಗಿಲ ಅಣ್ಣನಿಂದ ಸಹಿ ಹಾಕಿಸಿದ.

"ಆ ತುಣುಕು ತೋರಿಸಿ," ಎಂದಳು ಅವಳು.

ನಾಳೆಯ ಆಟಕ್ಕೆಂದು ಬಂದಿದ್ದ ಬದಲಿ ಆಪರೇಟರ್ ತೋರಿಸಿದ. ಸಿಡಿಲಂಗಿ ತೊಟ್ಟ ನಾಯಕ ಒಂದು ಬಂಡೆಯ ಮೇಲೆ ಕುಳಿತಿದ್ದ. ದೂರದಲ್ಲಿ ಏನೋ ಸದ್ದಾಯಿತು. ಅವನು ತಿರುಗಿ ನೋಡಿದ. ಮುಗಿಯಿತು.

"ಇಷ್ಟೇನಾ?" ಎಂದಳು.

"ಇಷ್ಟೇ ಅಮ್ಮಾ," ಎಂದ ಮ್ಯಾನೇಜರ್, ನೆಲ ನೋಡುತ್ತ.

ಗಂಡನ ಸಾಮಾನು ತೆಗೆದುಕೊಳ್ಳಲು ಅವಳು ಕಲ್ಲಿನ ಮೆಟ್ಟಿಲಿಂದಲೇ ಹತ್ತಿದಳು. ಒಂದು ಟವೆಲು, ಒಂದು ಬಾಚಣಿಗೆ, ಆಟದ ಸಮಯ ಬರೆದಿಟ್ಟ ಪುಸ್ತಕ. ಕುರ್ಚಿಯ ಮೇಲೆ ಹೂವಿನ ಬಟ್ಟೆಯ ಒಂದು ದಿಂಬು. ಅದು ಅವರ ಮನೆಯದಲ್ಲ. ಬಾಗಿಲಲ್ಲಿ ಟಿಕೆಟ್ ಅಕ್ಕ ನಿಂತಿದ್ದಳು.

"ಅದು ನಂದು. ಇರಲಿ ಬಿಡಿ. ಬೆನ್ನುನೋವು, ನಾಲ್ಕು ದಿನಕ್ಕೆ ಕೊಡಿ ಅಂದಿದ್ರು. ಆರು ತಿಂಗಳಾಯ್ತು, ನಾನೂ ಕೇಳಲಿಲ್ಲ."

"ಬೆನ್ನುನೋವಾ? ಮನೇಲಿ ಹೇಳಲಿಲ್ಲ."

"ಹೇಳಿದ್ರೆ ಕೆಲಸ ಬಿಡು ಅಂತಾಳೆ ಅಂದ್ರು."

ಅನ್ನುತ್ತಿದ್ದಳು, ನಿಜ. ಅವಳು ದಿಂಬನ್ನು ಎತ್ತಿಕೊಂಡು ಕೆಳಗಿಳಿದಳು. ಕೌಂಟರಿನ ಹೊರಗೆ ಅದನ್ನು ಕೈಯಿಂದ ಬಡಿದು ಧೂಳು ಕೊಡವಿದಳು. ನಡುವೆ ಬಿದ್ದಿದ್ದ ತಗ್ಗು ಎಷ್ಟು ಬಡಿದರೂ ಏಳಲಿಲ್ಲ. ಹಾಗೆಯೇ ಸ್ಟೂಲಿನ ಮೇಲೆ ಇಟ್ಟು, ಹಿಂದೆಯೇ ಇಳಿದು ಬಂದ ಟಿಕೆಟ್ ಅಕ್ಕ ಕೂರುವತನಕ ನಿಂತಳು.